ಎಪ್ಪತ್ಮೂರನೆಯ ಗೂಟ

ವೂಚ್ ಊರಿನ ಹಳೆಯ ನೂಲಿನ ಗಿರಣಿಯೇ ಈಗ ಕಲಾವಿಭಾಗ.
ಮಗ್ಗ ಹೋಯಿತು, ಮಾತು ಬಂತು.
ಅಮ್ಮ ಮೇಲಿನ ಮಹಡಿಯಲ್ಲಿ ಕದಿರು ಕಾಯುತ್ತಿದ್ದಳು,
ನಾನು ಕೆಳಗೆ ಕೋಟು ಕಾಯುತ್ತೇನೆ.
ನೂರ ಇಪ್ಪತ್ತು ಗೂಟ, ನೂರ ಇಪ್ಪತ್ತು ಹಿತ್ತಾಳೆ ಬಿಲ್ಲೆ.
ಕೋಟು ಕೊಟ್ಟರೆ ಬಿಲ್ಲೆ, ಬಿಲ್ಲೆ ಕೊಟ್ಟರೆ ಕೋಟು:
ಇಷ್ಟೇ ನನ್ನ ಸಿದ್ಧಾಂತ.

ಅಕ್ಟೋಬರಿನಲ್ಲಿ ಎಂಎ ಓದುವವರು ಬರುತ್ತಾರೆ,
ಸಿಗರೇಟಿನ ವಾಸನೆ, ಒದ್ದೆ ನಾಯಿಯ ವಾಸನೆ,
ಕಂಕುಳಲ್ಲಿ ಯಾರೂ ಓದಿ ಮುಗಿಸದ ಪುಸ್ತಕ.
ಕಥೆಯಿಲ್ಲದ ಕಾದಂಬರಿ, ಚಿತ್ರವಿಲ್ಲದ ಚೌಕಟ್ಟು,
ನಲವತ್ತು ನಿಮಿಷ ಒಂದೇ ಬಾಗಿಲು ತೋರಿಸುವ ಸಿನಿಮಾ.
ಬಾಗಿಲು ಕೊನೆಗೆ ತೆರೆಯುತ್ತದೆಯೇ? ಕೇಳಿದ್ದೆ ಒಮ್ಮೆ.
ಅದು ಪ್ರಶ್ನೆಯೇ ಅಲ್ಲ ಪಾನಿ ಗೆನೊವೆಫಾ, ಅಂದರು.
ಬಾಗಿಲಲ್ಲೇ ಕೂತವಳಿಗೆ ಅದೊಂದೇ ಪ್ರಶ್ನೆ.

ಅವಾಂಗಾರ್ಡ್ ಅಂದರೇನೇ, ಎಂದು ಯಗ್ನಾಳನ್ನು ಕೇಳಿದೆ.
ದಂಡಿಗಿಂತ ಮುಂದೆ ಹೋಗುವ ತುಕಡಿ.
ದಂಡು ಎಲ್ಲಿದೆ?
ಹಿಂದಿನಿಂದ ಬರುತ್ತದೆ.
ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೇನೆ, ಇನ್ನೂ ಬಂದಿಲ್ಲ, ಅಂದೆ.
ನಕ್ಕಳು. ಮುಂದಿನ ಹಲ್ಲೊಂದು ಮುಕ್ಕು.

ಯಗ್ನಾ ವ್ಝೊಸೆಕ್. ಕಂದು ಕೋಟು, ಒಂದು ಗುಂಡಿ ಬೇರೆ ಬಣ್ಣದ್ದು.
ಪ್ರಬಂಧದ ವಿಷಯ ಇಲ್ಲದಿರುವಿಕೆ.
ರಾತ್ರಿ ಬೇಕರಿಯಲ್ಲಿ ದುಡಿದು ನೇರ ತರಗತಿಗೆ,
ಕಾಲರಿನಲ್ಲಿ ಹಿಟ್ಟು.
ಮೇ ತಿಂಗಳ ಒಂದು ಮಧ್ಯಾಹ್ನ ಹಠಾತ್ತನೆ ಬಿಸಿಲು ಬಿತ್ತು,
ಕೋಟು ಬಿಟ್ಟು ಹೋದಳು. ಬಿಲ್ಲೆ ಅವಳಲ್ಲೇ.
ಜೂನ್ ಬಂತು, ಜುಲೈ ಬಂತು,
ಜೇಬಿಗೆ ನಾಫ್ತಲೀನ್ ಗುಳಿಗೆ ಹಾಕಿದೆ.
ನಾರ್ವೆಯಲ್ಲಿ ಮೀನು ಕೊಯ್ಯುತ್ತಾಳೆ, ಅಂದರು ಯಾರೋ.
ತಮ್ಮನಿಗೆ ಕಾಯಿಲೆ, ಅಂದರು ಇನ್ಯಾರೋ.

ಮತ್ತೆ ಅಕ್ಟೋಬರ್. ಪ್ರೊಫೆಸರ್ ಸ್ತ್ರುಗಾಲಾ ಬಂದು
ಕನ್ನಡಕ ಒರೆಸಿಕೊಂಡರು,
ಒಂದು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಎಡಕ್ಕೆ.
ಇದೇ ಅವಳ ಪ್ರಬಂಧ, ಅಂದರು.
ಹೊಸಬರು ಹನ್ನೊಂದು ಜನ ನನ್ನ ಕಟಕಟೆಯ ಮುಂದೆ
ಟಿಪ್ಪಣಿ ಬರೆದುಕೊಂಡರು.
ಒಬ್ಬನಂತೂ ವಾಸನೆಯ ಬಗ್ಗೆಯೇ ಎರಡು ಪುಟ:
ಸ್ಮೃತಿ, ಶವಸಂಸ್ಕಾರ, ಗಿರಣಿಯ ಪ್ರೇತ.
ಗುಳಿಗೆ ಹಾಕಿದವಳು ನಾನು, ನುಸಿಗೆ ಹೆದರಿ.
ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.
ತಿಳಿದವರು ತಿಳಿಯುತ್ತಿರುವಾಗ ಅಡ್ಡಬಾಯಿ ಹಾಕಬಾರದು.

ಒಳಜೇಬಿನಲ್ಲಿ ಏನಿತ್ತೆಂದು ಅವರಿಗೆ ಗೊತ್ತಿಲ್ಲ.
ಟ್ರಾಮಿನ ಟಿಕೆಟ್ಟು, ಔಷಧಿಯ ಚೀಟಿ,
ಕಲ್ಲಾದ ಅರ್ಧ ಬನ್ನು,
ಹರಿದ ಕಾಗದದಲ್ಲಿ ಒಂದೇ ಸಾಲು:
ಪಾನಿ ಗೆನೊವೆಫಾಗೆ ಐದು ಜ್ಲೋಟಿ ಕೊಡಬೇಕು.
ಕೊಟ್ಟದ್ದೇ ನನಗೆ ಮರೆತಿತ್ತು.

ಜನವರಿ. ಸೊನ್ನೆಗಿಂತ ಹದಿನಾರು ಕೆಳಗೆ.
ಟ್ಯುನಿಸಿನ ಹುಡುಗಿ ರಿಹಾಬ್ ತನ್ನದನ್ನು ಬಿಚ್ಚಿ ಕೊಟ್ಟಳು.
ಕೈಯಲ್ಲಿ ಹಿಡಿದು ನೋಡಿದೆ, ಕಾಗದದ ಹಾಗಿದೆ.
ಮಗಳೇ, ಇದು ಕೋಟಲ್ಲ, ಕೋಟಿನ ಪರಿಕಲ್ಪನೆ.
ಅವಳ ತುಟಿ ನೀಲಿ.
ಎಪ್ಪತ್ಮೂರನ್ನು ಇಳಿಸಿದೆ.
ಹಿಂದೆ ಸರಿದಳು: ಇದು ಕೃತಿಯಲ್ಲವೇ? ಮುಟ್ಟಬಹುದೇ?
ಮೊದಲು ಗುಂಡಿ ಹಾಕಿಕೋ, ಅಂದೆ.

ಮರುದಿನ ಸ್ತ್ರುಗಾಲಾ ಬರಿಯ ಗೂಟದ ಮುಂದೆ ನಿಂತರು,
ಬಹಳ ಹೊತ್ತು.
ಇಪ್ಪತ್ತೆರಡು ವರ್ಷದ ಕೆಲಸ ಹೋಯಿತೆಂದೇ ನಾನು ಕೂತಿದ್ದೆ.
ಪೂರ್ತಿಯಾಯಿತು, ಅಂದರು ಮೆಲ್ಲಗೆ.
ನಗು ಬಾಯಿತನಕ ಬಂದಿತ್ತು,
ಆದರೆ ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.
ಎರಡು ವರ್ಷ ಓದಿಸಿದವರು, ಅವರಿಗೂ ಅವಳು ಹೇಳದೆ ಹೋದವಳು.
ಅವರ ಕೋಟು ಇಸಿದುಕೊಂಡೆ, ಹತ್ತೊಂಬತ್ತರ ಬಿಲ್ಲೆ ಕೊಟ್ಟೆ.

ಈಗ ನನಗೊಂದು ತೊಡಕು.
ಎಪ್ಪತ್ಮೂರರ ಬಿಲ್ಲೆ ಹೊರಗಿದೆ,
ಉತ್ತರದ ಯಾವುದೋ ಬಂದರಿನಲ್ಲಿ, ಮೀನಿನ ಪೊರೆ ಅಂಟಿದ ಜೇಬಿನಲ್ಲಿ.
ಒಂದು ದಿನ ತಂದು ಕಟಕಟೆಯ ಮೇಲಿಟ್ಟರೆ?
ಇಲ್ಲದಿರುವಿಕೆಯನ್ನು ಮಡಿಸಿ ಕೊಡಲಾಗುತ್ತದೆಯೇ?
ಶನಿವಾರ ಬಟ್ಟೆಯಂಗಡಿಗೆ ಹೋಗಿ ಕಂದು ಉಣ್ಣೆಯ ಬೆಲೆ ಕೇಳಿದೆ.
ಮೀಟರಿಗೆ ಅರವತ್ತೈದು ಜ್ಲೋಟಿ.
ಅವಳ ಐದು ಕಳೆದರೆ ಅರವತ್ತು.