ಪಕ್ಕದ ಬೆರಳು

ಜೀನ್ಸಿನ ಗಂಟು ಜಾರಿತು, ತಡೆಯಲು ಹೋದೆ.
ಬೆಲ್ಟಿನ ಕುಣಿಕೆಗೆ ಸಿಕ್ಕ ನಡುಬೆರಳು
ಆಮೇಲೆ ತುಸು ಬೇರೆ ಕಡೆ ನೋಡುತ್ತಿತ್ತು,
ಕರೆದರೂ ತಿರುಗದ ಮಗುವಿನ ಹಾಗೆ.

"ಇತ್ತ ಕೊಡು ಆಪಾ, ಒಂದೇ ಜಗ್ಗಿಗೆ ಕೂರ್ತದೆ"
ಅಂದ ಶೇಕ್ಷಾವಲಿ,
ಬಾಬಿನ್ ಕೇಸನ್ನೂ ಹಾಗೇ ಜಗ್ಗಿ ಮುರಿದವನು.
ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟೆ.

ಕೌಲ್ ಬಜಾರಿನಿಂದ ದೊಡ್ಡಾಸ್ಪತ್ರೆಯವರೆಗೆ
ದಾರಿಯ ಗುಂಡಿಗಳನ್ನೆಲ್ಲ ಬೆರಳೇ ಎಣಿಸಿತು.

ಫಿಲ್ಮನ್ನು ಕಿಟಕಿಯ ಬಿಸಿಲಿಗೆ ಹಿಡಿದು
ಡಾಕ್ಟರಮ್ಮ ಅಂದರು: "ಮುರಿದಿಲ್ಲ ಹೊನ್ನೂರಬೀ.
ಕೀಲು ಪೂರಾ ಬಿಟ್ಟಿಲ್ಲ, ಅರ್ಧ ಜಾರಿದೆ."
ನನಗೆ ತಿಳಿದದ್ದು ಹೀಗೆ:
ಹೊಲಿಗೆ ಬಿಚ್ಚಿಲ್ಲ,
ಅಂಚಿಗೆ ಅಂಚು ಕೂಡಿಲ್ಲ.

ಮರಗಟ್ಟಿಸುವ ಸೂಜಿ. ಉದ್ದಕ್ಕೆ ಮೆಲ್ಲಗೆ ಎಳೆದು
ಹೆಬ್ಬೆರಳಿಂದ ಒತ್ತಿದರು.
ಟಿಚ್ ಗುಂಡಿ ಹಾಕಿದಷ್ಟೇ ಸದ್ದು.

ಉಂಗುರ ಬೆರಳನ್ನು ಜೊತೆಗಿಟ್ಟು ಪಟ್ಟಿ ಸುತ್ತಿ,
"ಮೂರು ವಾರ ಅದು ಹೋದಲ್ಲಿ ಇದು.
ಆಮೇಲೆ ದಿನಾ ಮಡಚಬೇಕು, ನೋವು ತಿಂದು ತಿಂದು.
ಬಿಟ್ಟೆಯೋ, ಕಟ್ಟಿಗೆ."

ಪಾಪ, ಪಕ್ಕದ್ದು ಏನೂ ಮಾಡಿರಲಿಲ್ಲ.

ರಾತ್ರಿ ಕೂಲಿಯ ಲೆಕ್ಕಕ್ಕೆ ಕೂತೆ:
ಪೀಸಿಗೆ ಇಷ್ಟು, ದಿನಕ್ಕೆ ಇಷ್ಟು, ಹೋದ ವಾರ
ಒಂದು. ಕಿರುಬೆರಳು ಮಡಚಿತು.
ಎರಡಕ್ಕೆ
ಇಬ್ಬರೂ ಬರಲಿಲ್ಲ.