ಕಥೆಯಿಲ್ಲದ ಉಕ್ಕು

ಗೊಂಬೋರಿ ಘಟ್ಟದ ತಿರುವುಗಳಲ್ಲಿ
ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು ವಾಜಾ, ನನ್ನ ಗಂಡ.
ಅವನು ಹೋದ ಮರುವರ್ಷ ಬಸ್ಸೂ ಗುಜರಿಗೆ ಹೋಯಿತು.
ನಾನು ಕೇಳಿ ತಂದದ್ದು ಒಂದೇ:
ಹಿಂದಿನ ಗಾಲಿಯ ಮೇಲಿನ ಕಮಾನುಪಟ್ಟಿ.

ಹಳೇ ಕೋಟಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿ
ಅವ್ತಾಂದಿಲನ ಕುಲುಮೆಗೆ ನಡೆದೆ.
'ಚಾಕು ಮಾಡಲು ಕಲಿಸು,' ಎಂದೆ. 'ಇದರಿಂದಲೇ.'

ಬೆಳಕಿಗೆ ಹಿಡಿದ. ಉಗುರಿನಿಂದ ಗೀರಿದ.
ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಟ್ಟ,
ಕಲ್ಲಂಗಡಿ ಕೊಳ್ಳುವವನ ಹಾಗೆ.
'ಒಳ್ಳೆಯ ಉಕ್ಕೇ. ನಿನಗಲ್ಲ, ಈಗಲ್ಲ.'

ಸಾಣೆಚಕ್ರ ತಿರುಗಿಸಿದ.
ಕಟ್ಟಡದ ಸರಳಿಗೆ ಕಿಡಿಗಳು ಉದ್ದುದ್ದ, ಸೋಮಾರಿ, ಒಣಹುಲ್ಲು.
'ಎಷ್ಟು ಕಾಸಿ ಎಷ್ಟು ಅದ್ದಿದರೂ
ಇದು ಬೆಣ್ಣೆ ಸವರುವುದಕ್ಕಷ್ಟೇ.'
ಹಳೆಯ ಅರಕ್ಕೆ ಕಿಡಿ ಕವಲೊಡೆದು
ಕಾದೆಣ್ಣೆಯ ಸಾಸಿವೆಯಾಗಿ ಸಿಡಿಯಿತು.
'ಗಡಸು. ಆದರೆ ಸಿಡುಕಿ. ಹದ ತಪ್ಪಿದರೆ ಗಾಜು.'
ಬೇರಿಂಗಿನ ಬಳೆ? 'ಅದು ನನ್ನ ಮಾತನ್ನೇ ಕೇಳುವುದಿಲ್ಲ.'
ಆಮೇಲೆ ನನ್ನ ಪಟ್ಟಿಯ ತುದಿ ಚಕ್ರಕ್ಕೆ ತಂದ.
'ನಿಲ್ಲಿಸು,' ಎಂದೆ.

ನಿಲ್ಲಿಸಿದ. 'ನೋಡು ನಾನುಲಿ,
ಇದು ಎಷ್ಟು ಲಕ್ಷ ಸಲ ಬಗ್ಗಿ ಎದ್ದಿದೆಯೋ.
ಒಳಗೆಲ್ಲೋ ಕೂದಲೆಳೆಯ ಬಿರುಕು ಇದ್ದು
ಎಣ್ಣೆಯಲ್ಲಿ ಟಿಣ್ ಎಂದರೆ
ನೀನು ಅಳುವುದು ಚಾಕುವಿಗಲ್ಲ.
ಕಲಿಯುವ ಕೈಗೆ ಕಥೆಯಿಲ್ಲದ ಉಕ್ಕು ಬೇಕು.
ಅಂಗಡಿಯದು. ಇಂಗಾಲ ಇಷ್ಟು ಎಂದು ಬರೆದದ್ದು.
ಕೆಟ್ಟರೆ ಇನ್ನೊಂದು ಕೊಳ್ಳುವಂಥದ್ದು.'

ತೆಲಾವಿಯಲ್ಲಿ ಒಂದು ಮೊಳ ಕೊಂಡೆ.
ಬೂದು, ಚಪ್ಪಟೆ, ಬೆಲೆಚೀಟಿಯ ಅಂಟು.

ಮೊದಲ ತುಂಡು ಸೊಟ್ಟಗಾಯಿತು.
ಎರಡನೆಯದು ಕೆಂಪಾಗಿ, ಇನ್ನೂ ಕೆಂಪಾಗಿ,
ಸೂಜಿಗಲ್ಲು ಅದರ ಕೈಬಿಟ್ಟ ಗಳಿಗೆಗೆ
ಸೂರ್ಯಕಾಂತಿ ಎಣ್ಣೆಗೆ ಇಳಿಸಿದೆ.
ಕುಲುಮೆಯೆಲ್ಲ ಕರಿದ ತಿಂಡಿಯ ವಾಸನೆ.
ಅರ ಎಳೆದರೆ ಜಾರಿತು,
ಹಿಮಗಟ್ಟಿದ ತಿರುವಿನಲ್ಲಿ ಗಾಲಿ ಜಾರಿದಂತೆ.
ರೊಟ್ಟಿಯ ಒಲೆಯಲ್ಲಿ ಜೇನುಬಣ್ಣ ಬರುವವರೆಗೆ
ಅದರ ಸಿಡುಕು ಇಳಿಸಿದೆವು.

ಹಿಡಿ ದಪ್ಪವಾಯಿತು. ಅಲಗು ತುಸು ಎಡಕ್ಕೆ ವಾಲಿದೆ.
ಚೀಸ್ ಕೊಯ್ಯುತ್ತೇನೆ, ಬಳ್ಳಿ ಸವರುತ್ತೇನೆ.
ಹೆಬ್ಬೆರಳನ್ನು ಒಮ್ಮೆ ಕಚ್ಚಿದೆ.

ಕಮಾನುಪಟ್ಟಿ ನೆಲಮಾಳಿಗೆಯಲ್ಲಿ
ದ್ರಾಕ್ಷಾರಸದ ಹೂಜಿಗಳ ಪಕ್ಕ ಗೋಡೆಗೊರಗಿದೆ.
ಭಾನುವಾರ ಎಣ್ಣೆ ಒರೆಸುತ್ತೇನೆ.

'ಎಷ್ಟು ಚಾಕು ಆದಮೇಲೆ?' ಕೇಳಿದ ಅವ್ತಾಂದಿಲ್.
'ಹನ್ನೊಂದು,' ಎಂದೆ, ಬಾಯಿಗೆ ಬಂದ ಅಂಕಿ.
ನಾಳೆ ಮೂರನೆಯದು.