ಲಗನ್‌ಖೇಲ್ ಶೆಡ್ಡಿನಲ್ಲಿ ಚಹಾ

ಮೀಟರು ಹೇಳಿದ್ದನ್ನು ನಂಬಬೇಡ, ಅನ್ನುತ್ತಾಳೆ ಸಾನುಮಾಯಾ,
ಅದು ಮದುವೆ ದಲ್ಲಾಳಿಯ ಹಾಗೆ:
ಬಯಲಲ್ಲಿ ಬೆಲ್ಲ; ಏರು ಬಂತೋ, ಮಾತು ಬದಲಿಸುತ್ತದೆ.

ಕಾಠ್ಮಂಡುವಿನ ಚಳಿ. ಟೆಂಪೊದ ಬ್ಯಾಟರಿ ಬದಲಾಗುವಷ್ಟು ಹೊತ್ತು
ಚಹಾ, ಒಂದು ಸೇಲ್ ರೋಟಿ, ನನಗೆ ಬುದ್ಧಿವಾದ.
ಹೊಟ್ಟೆ ಬಿರಿಯುವಷ್ಟು ಚಾರ್ಜು ಮಾಡಬೇಡ,
ಪೂರ್ತಿ ಉಪವಾಸವೂ ಕೆಡವಬೇಡ.
ಹಳೇ ಲ್ಯಾಪ್‌ಟಾಪು ಎಸೆಯಬೇಡ, ಡಿಸ್ಕು ಬದಲಿಸು;
ಮಗಳ ಅಂಗಡಿ ಲೆಕ್ಕ ಅದರಲ್ಲೇ ಒಂಬತ್ತು ವರ್ಷ,
ಎಂಟನ್ನು ಮಾತ್ರ ಉಗುರಿನಿಂದ ಒತ್ತಬೇಕು.

ಹೊಗೆಯಿಲ್ಲದ ಗಾಡಿ ಅಂತ ಹೊಗಳಿದೆ.
ಮುಂದಿನ ಬಸ್ಸಿನ ಮಸಿ ಒರೆಸಿದ
ದುಪಟ್ಟಾ ತುದಿ ತೋರಿಸಿದಳು.

ಸದ್ದಿಲ್ಲದ್ದೇ ಕಷ್ಟ ನೋಡು,
ನಾಯಿಗಳು ರಸ್ತೆ ಬಿಡುವುದಿಲ್ಲ.
ಹಾರ್ನು ಕೆಟ್ಟು ತಿಂಗಳಾಯಿತು.
ಹಾಡುತ್ತ ಹೋಗುತ್ತೇನೆ.